ನೆವ್ರಾ ಆಡದ ಮಾತು

ನವೆಂಬರ್ 9, ಶನಿವಾರ

ಮಗಳು ದಿಲ್ರಾಬೊ ಮತ್ತೆ ಬಂದಿದ್ದಾಳೆ. ಗಂಡನ ಮನೆಯ ಮೇಲೆ ಮುನಿಸಿಕೊಂಡು ಹೀಗೆ ಬರುವುದು ಇದು ಮೂರನೇ ಸಲ. ಗುರುವಾರ ಸಂಜೆ ಟಿ.ವಿ.ಯಲ್ಲಿ ಒಳ್ಳೆಯ ಘಟ್ಟ ನಡೆಯುತ್ತಿದ್ದಾಗ ಗೇಟು ಸದ್ದಾಯಿತು. ನಾನು ಏಳಲಿಲ್ಲ. ಸೊಸೆ ಮವ್ಜುದಾ ಓಡಿಹೋಗಿ ನಾದಿನಿಯನ್ನು ತಬ್ಬಿಕೊಂಡು ಒಳಗೆ ಕರೆತಂದಳು. ಎರಡು ಕೈಯಲ್ಲೂ ಚೀಲ.

"ಯಾರನ್ನ ಕೇಳ್ಕೊಂಡು ಬಂದೆ?" ಎಂದೆ.

"ಯಾರನ್ನೂ ಕೇಳಲಿಲ್ಲಮ್ಮ."

"ಹಾಗಾದ್ರೆ ಚೀಲ ಬಿಚ್ಚಬೇಡ."

ಚೀಲಗಳು ಇನ್ನೂ ಕಟ್ಟಿದಂತೆಯೇ ಇವೆ.

ಅವಳ ಗಂಡ ಕಹ್ರಮೋನ್ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಅಲ್ಲೊಬ್ಬಳನ್ನು ಮದುವೆಯಾಗಿದ್ದಾನಂತೆ, ಮಗುವೂ ಆಗಿದೆಯಂತೆ. ಇವಳು ಯಾರದೋ ಫೋನಿನಲ್ಲಿ ಫೋಟೋ ನೋಡಿದಳಂತೆ, ಗಂಡ ಮಗುವನ್ನು ಎತ್ತಿಕೊಂಡು ನಿಂತಿದ್ದನಂತೆ. ಮಗು ಎತ್ತಿಕೊಂಡವರೆಲ್ಲ ಅಪ್ಪಂದಿರಾದರೆ ಈ ಕೋಕಂದ್ ಊರಿನ ಅರ್ಧ ಮಕ್ಕಳಿಗೆ ನಾನೇ ತಾಯಿ ಎಂದೆ. ಮವ್ಜುದಾಗೆ ನಗು ಬಂತು. ದಿಲ್ರಾಬೊ ನಗಲಿಲ್ಲ.

ಈ ಮನೆಯಲ್ಲಿ ನನ್ನ ಮಾತು ಕೇಳುವವರಿದ್ದಾರೆ, ನಾನು ಮನಸ್ಸು ಬಿಚ್ಚಿ ಮಾತಾಡುವಂಥವರು ಯಾರೂ ಇಲ್ಲ. ಮಕ್ಕಳ ಅಪ್ಪ ಬದುಕಿದ್ದಾಗಿನ ಮಾತು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ತರಗತಿ ಪಾಸಾದವಳು, ಕಾಲುಚೀಲದ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕಿಯಾಗಿ ವರದಿ ಬರೆದವಳು. ಮಗಳ ಮುನಿಸನ್ನು ಬರೆಯುವುದೇನು ದೊಡ್ಡ ವಿಷಯವಲ್ಲ.

ನವೆಂಬರ್ 11, ಸೋಮವಾರ

ಬೀಗಿತ್ತಿ ಹನೀಫಾ ರಿಶ್ತಾನ್‌ನಿಂದ ಫೋನ್ ಮಾಡಿದ್ದಳು. ಮೊದಲು ನನ್ನ ಮೊಣಕಾಲು ಹೇಗಿದೆ ಎಂದು ವಿಚಾರಿಸಿದಳು. ಮರ್ಯಾದೆ ಗೊತ್ತಿರುವ ಹೆಂಗಸು.

"ಬೀಗಿತ್ತಿ, ನನ್ನ ಕೈಯಲ್ಲಿ ನಾನ್ ಇದೆ. ಈ ರೊಟ್ಟಿ ಮೇಲೆ ಆಣೆ. ನನ್ನ ಮಗನಿಗೆ ಅಲ್ಲಿ ಯಾರೂ ಇಲ್ಲ. ಹುಡುಗಿಗೆ ಯಾರೋ ಹೊಟ್ಟೆಕಿಚ್ಚಿನವರು ಕಿವಿ ಊದಿದಾರೆ."

ನಾನ್ ಹಿಡಿದು ಆಣೆ ಇಟ್ಟ ಮೇಲೆ ಇನ್ನೇನು ಕೇಳುವುದಿದೆ? ಅವಳ ಗಂಡ ಕಾಲು ಮುರಿದುಕೊಂಡು ಮಲಗಿದ್ದಾನೆ. ಅವನನ್ನು ನೋಡಿಕೊಳ್ಳಲು ಸೊಸೆ ಬೇಕು. ಮುಂದಿನ ತಿಂಗಳು ಹದಿನೈದಕ್ಕೆ ತಾನೇ ಬಂದು ರಾಜಿ ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದಳು. ಆಗಲಿ ಎಂದೆ.

ದಿಲ್ರಾಬೊಗೆ ಹೇಳಿದೆ. "ಅತ್ತೆ ನಾನ್ ಮುಟ್ಟಿದ್ರಾ?" ಎಂದು ಕೇಳಿದಳು. ಮುಟ್ಟಿದಳು ಎಂದೆ. ಪಾತ್ರೆ ತೊಳೆಯಲು ಹೋದಳು.

ನವೆಂಬರ್ 17, ಭಾನುವಾರ

ಸಂಜೆಯೆಲ್ಲ ಕರೆಂಟ್ ಇರಲಿಲ್ಲ. ಟಿ.ವಿ. ಸತ್ತು ಕೂತಿತ್ತು. ಒಲೆಯ ಮುಂದೆ ಮೂವರೂ ಹೆಂಗಸರು ಕಳಿತು ಮೆತ್ತಗಾದ ಪರ್ಸಿಮನ್ ಹಣ್ಣು ತಿನ್ನುತ್ತಿದ್ದೆವು. ಮಗ ಇಲ್ಹೋಮ್ ವ್ಯಾನ್ ಓಡಿಸಿಕೊಂಡು ಅಂದಿಜಾನ್‌ಗೆ ಹೋಗಿದ್ದ.

"ಅತ್ತೆ, ನೀವು ಇಷ್ಟು ವರ್ಷ ಟಿ.ವಿ. ನೋಡಿದೀರಲ್ಲ, ಯಾವುದು ತುಂಬಾ ಇಷ್ಟ ಆಗಿತ್ತು?" ಎಂದು ಮವ್ಜುದಾ ಕೇಳಿದಳು.

ನಾನೇನು ಟಿ.ವಿ. ಹುಚ್ಚಿನವಳಲ್ಲ, ಕೆಲಸ ಮುಗಿದರೆ ನೋಡುವವಳು. ಆದರೂ ಹೇಳಿದೆ. ಅವರಪ್ಪ ಮೊದಲ ಕಪ್ಪುಬಿಳುಪು ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಹಗ್ಗದಲ್ಲಿ ಬಿಗಿದು ತಂದಿದ್ದರು. ಆಗ ಭಾನುವಾರ ಕಾರ್ಮಿಕರು ಬರೆದು ಕೇಳಿದ ಹಾಡು ಹಾಕುತ್ತಿದ್ದರು. ನಾನು ನಮ್ಮ ಪಾಳಿಯ ಪರವಾಗಿ ಕಾಗದ ಬರೆದೆ, ಕಾರ್ಖಾನೆಯ ಹೆಸರು ಹೇಳಿ ಹಾಡು ಹಾಕಿದರು. ಅಂಥ ಕಾರ್ಯಕ್ರಮ ಮತ್ತೆ ಬರಲಿಲ್ಲ. ಆಮೇಲೆ ಕಡಲಾಚೆಯ ಆ ಕೆಲಸದ ಹುಡುಗಿಯ ಧಾರಾವಾಹಿ ಬಂತು. ಅದು ಬರುವ ಹೊತ್ತಿಗೆ ಇಡೀ ಮಹಲ್ಲಾದ ತಂದೂರುಗಳಲ್ಲಿ ರೊಟ್ಟಿ ಸೀದುಹೋಗುತ್ತಿತ್ತು. ಗಂಡಸರು ಕರಿ ರೊಟ್ಟಿಯನ್ನೇ ತಿಂದು ಸುಮ್ಮನಿದ್ದರು, ಅವರೂ ಕದ್ದು ನೋಡುತ್ತಿದ್ದರಲ್ಲ. ಕೊರಿಯಾದ ಉಪ್ಪಿನ ವ್ಯಾಪಾರಿಯ ಮಗಳ ಕಥೆಯೂ ಚೆನ್ನಾಗಿತ್ತು, ಹಿರಿಯರಿಗೆ ತಲೆ ಬಾಗುವುದು ಅವರಿಗೂ ಗೊತ್ತು. ಹಿಂದೂಸ್ತಾನದ್ದು ನನಗೆ ಸೇರಲಿಲ್ಲ. ಅತ್ತೆ ಬಾಗಿಲಿಗೆ ಬಂದಳು ಎಂದರೆ ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಮುಖ ತೋರಿಸಿ ಒಂದೊಂದಕ್ಕೂ ಗುಡುಗು. ಅಷ್ಟರಲ್ಲಿ ಹಾಲು ಉಕ್ಕಿಹೋಗುತ್ತಿತ್ತು.

"ಅತ್ತೆ, ಕೆಟ್ಟದ್ದು ಯಾವುದು?"

"ವಾರ್ತೆ," ಎಂದೆ.

ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಒಬ್ಬ ಮನುಷ್ಯ ನಮ್ಮ ದೇಶ ಎಂದೆಂದಿಗೂ ಒಂದೇ ಎಂದು ವರ್ಷಗಟ್ಟಲೆ ಓದಿದ. ಒಂದು ದಿನ ಅದೇ ಕೋಟು, ಅದೇ ಮುಖ, ಅದೇ ದನಿಯಲ್ಲಿ ಆ ದೇಶ ಇನ್ನಿಲ್ಲ ಎಂದು ಓದಿದ. ಕೆಮ್ಮಲೂ ಇಲ್ಲ. ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

"ಪಾಪ, ಬರೆದುಕೊಟ್ಟಿದ್ದನ್ನ ಓದಿದ್ದಾನೆ," ಎಂದಳು ದಿಲ್ರಾಬೊ. ಬಂದಾಗಿನಿಂದ ಅವಳು ಆಡಿದ ಮೊದಲ ಉದ್ದ ಮಾತು ಅದು.

ನವೆಂಬರ್ 25, ಸೋಮವಾರ

'ಹೊಸ್ತಿಲು' ಬಗ್ಗೆ ಮೊನ್ನೆ ಬೇಕೆಂದೇ ಹೇಳಿರಲಿಲ್ಲ. ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಇವತ್ತು ಹೇಳಿದೆ, ದಿಲ್ರಾಬೊ ಹಿಟ್ಟು ನಾದುತ್ತಿದ್ದಾಗ.

ತುರ್ಕಿಯ ಧಾರಾವಾಹಿ. ನೆವ್ರಾ ಎಂಬ ಸೊಸೆ. ಅವಳ ಗಂಡ ಜರ್ಮನಿಗೆ ದುಡಿಯಲು ಹೋಗಿ ಅಲ್ಲಿ ಬೇರೊಬ್ಬಳ ಜೊತೆ ಸೇರುತ್ತಾನೆ. ನೆವ್ರಾ ಅಳುವುದಿಲ್ಲ, ತವರಿಗೆ ಓಡುವುದಿಲ್ಲ. ಅತ್ತೆಯ ಕಾಲೊತ್ತಿಕೊಂಡು, ಮನೆಯ ಮಾನ ಹೊತ್ತುಕೊಂಡು ಇರುತ್ತಾಳೆ. ಕೊನೆಯ ಕಂತಿನಲ್ಲಿ ಗಂಡ ತಲೆ ತಗ್ಗಿಸಿಕೊಂಡು ಬರುತ್ತಾನೆ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾರೆ. ನೆವ್ರಾ ಸೂಟ್‌ಕೇಸ್ ಹಿಡಿದು ಬಾಗಿಲ ಹತ್ತಿರ ಹೋಗಿ, ಹಿಂದೆ ತಿರುಗದೆ ಹೇಳುತ್ತಾಳೆ: "ಅಮ್ಮನ ಮನೆಗೆ ಹೋಗಿ ಎರಡು ದಿನ ಇದ್ದು ಬರ್ತೀನಿ. ಅಷ್ಟರಲ್ಲಿ ಒಲೆ ಆರದ ಹಾಗೆ ನೋಡ್ಕೊಳ್ಳಿ. ಇದೇ ನನ್ನ ಮನೆ." ಅಲ್ಲಿಗೆ ಮುಗಿಯುತ್ತದೆ. ನಾನು ಸುಲಭಕ್ಕೆ ಅಳುವವಳಲ್ಲ. ಆ ದಿನ ಅತ್ತುಬಿಟ್ಟೆ.

ದಿಲ್ರಾಬೊ ಕಳೆದ ಸಲ ಮುನಿಸಿಕೊಂಡು ಬಂದಾಗ ಆ ಕಂತು ಮರುಪ್ರಸಾರವಾಗುತ್ತಿತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ನೋಡು, ತಾಳಿಕೊಂಡವಳಿಗೆ ಮನೆ ಉಳಿಯಿತು ಎಂದೆ. ಮಾರನೆಯ ದಿನ ತಾನಾಗಿಯೇ ಹೊರಟಿದ್ದಳು.

ಇವತ್ತು ಹೇಳಿದ್ದಕ್ಕೆ ಹಿಟ್ಟಿನಿಂದ ಕೈ ತೆಗೆಯದೆ, "ಅವಳ ಸೂಟ್‌ಕೇಸ್ ಎಷ್ಟು ದೊಡ್ಡದಿತ್ತು ನೋಡಿದ್ಯಾ ಅಮ್ಮ?" ಎಂದಳು.

"ತವರಿಗೆ ಬರಿಗೈಲಿ ಹೋಗ್ತಾರಾ? ಉಡುಗೊರೆ ಇರತ್ತೆ."

"ಎರಡು ದಿನಕ್ಕೆ?"

"ನಿನಗೆ ಎಲ್ಲದರಲ್ಲೂ ಕೊಂಕು."

ರೊಟ್ಟಿ ಮಾತ್ರ ಚೆನ್ನಾಗಿ ಮಾಡುತ್ತಾಳೆ.

ಡಿಸೆಂಬರ್ 3, ಮಂಗಳವಾರ

ಅವಳ ಕೈ ಬೆರಳುಗಳು ಒಡೆದು ಸೀಳಿಹೋಗಿವೆ. ಚಳಿಗೆ ಹಾಗಾಗುತ್ತದೆ. ಕುರಿಯ ಬಾಲದ ಕೊಬ್ಬು ಕರಗಿಸಿ ಕೊಟ್ಟೆ. ಬಾಗಿಲ ಹತ್ತಿರ ಗಾಳಿ ಬರುತ್ತದೆಂದು ಒಲೆಯ ಪಕ್ಕ ಹಾಸಿಗೆ ಹಾಕಿಕೊಳ್ಳಲು ಹೇಳಿದೆ. ಕಾಯಿಲೆ ಬಿದ್ದ ಮಗಳನ್ನು ಕಳಿಸಿದರೆ ಬೀಗರು ಏನೆಂದಾರು?

ಡಿಸೆಂಬರ್ 8, ಭಾನುವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಪಕ್ಕದ ಮನೆಯ ಓಯ್ನಿಸಾಳ ಮೊಮ್ಮಗಳ ಮದುವೆ. ಹೆಂಗಸರಿಗೆ ಅಂಗಳದಲ್ಲಿ ಪಂಕ್ತಿ ಹಾಕಿದ್ದರು. ನಾನು ಹಿರಿಯರ ಸಾಲಿನಲ್ಲಿ ಕೂತಿದ್ದೆ. ದಿಲ್ರಾಬೊ, ಮವ್ಜುದಾ ಪಿಲಾವ್ ತಟ್ಟೆ ಹಂಚುತ್ತಿದ್ದರು. ಬೆನ್ನ ಹಿಂದೆ ಯಾರೋ, "ಆ ಮೂಲಂಗಿ ತಟ್ಟೆ ಈ ಕಡೆ ಸರಿಸ್ತೀರಾ?" ಎಂದರು.

ನೆವ್ರಾಳ ದನಿ. ತಿರುಗಿ ನೋಡಿದರೆ ಕುಳ್ಳಗೆ ದುಂಡಗಿರುವ ಹೆಂಗಸು, ಎರಡು ಚಿನ್ನದ ಹಲ್ಲು, ತುಟಿಯ ಮೇಲೆ ಅನ್ನದ ಅಗುಳು. ತಾಷ್ಕೆಂಟಿನಿಂದ ಬಂದ ವರನ ಚಿಕ್ಕಮ್ಮ, ಹೆಸರು ಝೆಬೊ. ಪರದೇಶದ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವಳ ಕೆಲಸವಂತೆ.

ಗುರುತಿಲ್ಲದವರ ಹತ್ತಿರ ನಾನಾಗಿ ಹೋಗುವವಳಲ್ಲ. ಹೋದೆ.

"ನೆವ್ರಾ ನೀವೇನಾ?"

"ನೆವ್ರಾನೂ ನಾನೇ, ಅವಳ ಅತ್ತೇನೂ ನಾನೇ, ತೊಟ್ಟಿಲಲ್ಲಿ ಅಳೋ ಮಗೂನೂ ನಾನೇ ಅಕ್ಕಾ," ಎಂದು ನಕ್ಕಳು. "ಗಂಡಸರಿಗೆಲ್ಲ ಸೇರಿ ಒಬ್ಬನಿದ್ದ. ಅವನಿಗೆ ನೆಗಡಿಯಾದ್ರೆ ಇಡೀ ಊರಿಗೇ ನೆಗಡಿ!"

ಸುತ್ತಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಒಂದು ಯೋಚನೆ ಬಂತು. ಹದಿನೈದಕ್ಕೆ ಬೀಗಿತ್ತಿ ಬರುತ್ತಾಳೆ, ಅದಕ್ಕೆ ಮೊದಲು ನೆವ್ರಾಳೇ ಹೇಳಿದರೆ ದಿಲ್ರಾಬೊ ಮನಸ್ಸು ಗಟ್ಟಿಯಾಗುತ್ತದೆ. ಅವಳನ್ನು ಕರೆದೆ. ಕೈಯಲ್ಲಿ ತಟ್ಟೆಗಳ ಅಟ್ಟಿ ಹಿಡಿದೇ ಬಂದು ನಿಂತಳು.

"ಝೆಬೊ, ಆ ಕೊನೇ ಮಾತು ಒಂದ್ಸಲ ಹೇಳಮ್ಮ. ಬಾಗಿಲ ಹತ್ರ ನಿಂತು ಹೇಳ್ತಾಳಲ್ಲ, ಅದು. ನನ್ನ ಮಗಳು ಕೇಳಲಿ."

ಝೆಬೊ ಮೂಲಂಗಿ ಕಚ್ಚುವುದನ್ನು ನಿಲ್ಲಿಸಿ ನೆನಪು ಮಾಡಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಅಕ್ಕಾ, ಅದಾ! ಅದು ಅವಳ ಮಾತೇ ಅಲ್ಲ. ನಾವು ಹಾಕಿದ್ದು! ನಮ್ಮ ಸ್ಟುಡಿಯೋದ ದೊಡ್ಡವರು ಬಂದು, 'ಮನೆಮಂದಿಯೆಲ್ಲ ಕೂತು ನೋಡೋ ಧಾರಾವಾಹಿ, ಹೆಂಗಸು ಮನೆ ಬಿಟ್ಟು ಹೋದ್ಲು ಅಂತ ಮುಗಿಸೋದಾ? ಬೆನ್ನು ತಾನೇ ಕಾಣ್ಸೋದು, ತುಟಿ ಕಾಣ್ಸಲ್ಲ, ಏನಾದ್ರೂ ಹಾಕಿ' ಅಂದ್ರು. ಅಲ್ಲೇ ನಿಂತು ಪೆನ್ಸಿಲ್‌ನಲ್ಲಿ ಗೀಚಿ ಕೊಟ್ರು. ನಾನು ಓದಿದೆ."

ಹೆಂಗಸರು ಮತ್ತೆ ನಕ್ಕರು. ನನ್ನ ಕಿವಿಯಲ್ಲಿ ಕಾರ್ಖಾನೆಯ ಹೆಣಿಗೆ ಯಂತ್ರಗಳು ಒಟ್ಟಿಗೆ ಓಡಿದಂತಾಯಿತು.

"ನಿಜವಾಗ್ಲೂ ಅವಳು ಏನು ಹೇಳಿದ್ಲು?"

ಕೇಳಿದ್ದು ನಾನಲ್ಲ, ದಿಲ್ರಾಬೊ.

"ಚಿಕ್ಕ ಮಾತು ಕಣೇ. 'ಬಾಗಿಲು ಹಾಕ್ಕೊಳ್ಳಿ. ನಾನಿನ್ನು ಬರಲ್ಲ.' ಅಷ್ಟೇ. ನಾವು ಹಾಕಿದ್ದು ಅಷ್ಟುದ್ದ. ಅವಳು ಬಾಗಿಲು ದಾಟಿ ಹೋದ ಮೇಲೂ ನಾನಿನ್ನೂ ಒಲೆ, ಮನೆ ಅಂತ ಮಾತಾಡ್ತಾನೇ ಇದ್ದೆ!"

ದಿಲ್ರಾಬೊ ತಟ್ಟೆಗಳನ್ನು ತೆಗೆದುಕೊಂಡು ಹೋದಳು. ಒಂದೂ ಸದ್ದಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ, "ಪರದೇಶದವರ ಕಥೆ, ಅವರ ನಡತೆ ಅವರಿಗೆ," ಎಂದೆ.

"ನಾನೇನೂ ಅನ್ನಲಿಲ್ಲವಲ್ಲಮ್ಮ."

ಹೌದು, ಏನೂ ಅನ್ನಲಿಲ್ಲ. ಅಂದಿದ್ದರೆ ಬೈಯಬಹುದಿತ್ತು.

ಡಿಸೆಂಬರ್ 9, ಸೋಮವಾರ

ಟಿ.ವಿ. ಮೇಲೆ ಕಸೂತಿ ಬಟ್ಟೆ ಹೊದಿಸಿದೆ. ಸಾವಾದ ಮನೆಯಲ್ಲಿ ಹಾಗೆ ಮಾಡುತ್ತಾರೆ. ಇಲ್ಹೋಮ್ ಫುಟ್ಬಾಲ್ ನೋಡಬೇಕೆಂದು ಬಂದವನು ನನ್ನ ಮುಖ ನೋಡಿ ಪಕ್ಕದ ಮನೆಗೆ ಹೋದ.

ಡಿಸೆಂಬರ್ 11, ಬುಧವಾರ

ನಿದ್ದೆಯಿಲ್ಲ. ಕೋಪ ಇಳಿಯುತ್ತಿಲ್ಲ.

ಅವರಿಗೆ ಏನು ಅಧಿಕಾರ? ಹೊರಟು ನಿಂತ ಹೆಂಗಸಿನ ಬೆನ್ನಿಗೆ ತಮಗೆ ಬೇಕಾದ ಮಾತು ಅಂಟಿಸಿ ಕಳಿಸಲು ಯಾರು ಹೇಳಿದರು? ನಾವು ಅದನ್ನು ನಮ್ಮ ಮನೆಯೊಳಗೆ, ದಸ್ತರ್‌ಖಾನ್ ಹಾಸಿ ಊಟ ಮಾಡುವ ಜಾಗದಲ್ಲಿ, ಮಕ್ಕಳ ಎದುರು ಕೂತು ನೋಡಿದೆವು. ನಂಬಿದೆವು. ನನ್ನ ಮಗಳು ನಂಬಿದ್ದು ನನ್ನನ್ನು, ನಾನು ನಂಬಿದ್ದು ಅವರನ್ನು. ಪೆನ್ಸಿಲ್‌ನಲ್ಲಿ ಗೀಚಿದವನಿಗೆ ಹೆಣ್ಣುಮಕ್ಕಳು ಇಲ್ಲವೇ?

ಆ ವಾರ್ತೆಯವನೇ ವಾಸಿ. ಅವನು ಕೊನೆಗಾದರೂ ನಿಜ ಓದಿದ.

ಈ ಹೊತ್ತು ಮಧ್ಯಾಹ್ನ ಫೋನ್ ಮತ್ತೆ ಬಂತು. ಹನೀಫಾ. "ಭಾನುವಾರ ಬರ್ತೀವಿ, ಹುಡುಗಿ ತಯಾರಿರಲಿ," ಎಂದಳು. ಜೇನಿನಂಥ ದನಿ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅವತ್ತು ಕೈಯಲ್ಲಿ ನಾನ್ ಇದೆ ಎಂದು ಹೇಳಿದ್ದಳಲ್ಲ, ನಾನು ನೋಡಿದೆನೇ? ಕೇಳಿಸಿದ್ದು ದನಿ ಮಾತ್ರ. ಕೈಯೂ ಕಾಣಲಿಲ್ಲ, ತುಟಿಯೂ ಕಾಣಲಿಲ್ಲ.

ದಿಲ್ರಾಬೊ ಬಂದು, "ಅಮ್ಮ, ಚಹಾ ಆರಿಹೋಯ್ತು," ಎಂದು ಬಟ್ಟಲು ಬದಲಾಯಿಸಿದಳು. ಆ ಫೋಟೋದಲ್ಲಿ ಮಗು ಎಷ್ಟು ದೊಡ್ಡದಿತ್ತು ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು.

"ಆಗ ತಾನೇ ಹುಟ್ಟಿದ್ದು. ಅವರದೇ ಹುಬ್ಬು."

ನಾನು ಚಹಾ ಕುಡಿದೆ.

ಡಿಸೆಂಬರ್ 15, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನೀಫಾ ಹತ್ತು ಗಂಟೆಗೆಲ್ಲ ಬಂದಳು. ದಿಲ್ರಾಬೊಳ ಮೈದುನ ಕಾರಿನಲ್ಲೇ ಕೂತಿದ್ದ. ರಾಜಿಗೆ ಬರುವಾಗ ತರಬೇಕಾದದ್ದನ್ನೆಲ್ಲ ತಂದಿದ್ದಳು: ನಾನ್, ಹಲ್ವಾ, ಹುಡುಗಿಗೆ ಒಂದು ಉಡುಪಿನ ಬಟ್ಟೆ. ಈ ನಾನ್ ಅನ್ನು ಎರಡೂ ಕಡೆಯ ತಾಯಂದಿರು ಸೇರಿ ಮುರಿದರೆ ಮುನಿಸು ಮುಗಿಯಿತು, ಮಗಳು ಹೊರಟಳು ಎಂದು ಅರ್ಥ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ದಿಲ್ರಾಬೊ ತಾನಾಗಿಯೇ ಬೆಳಿಗ್ಗೆ ಕೋಟು ಹಾಕಿಕೊಂಡಿದ್ದಳು. ಎರಡೂ ಚೀಲ ಬಾಗಿಲ ಹತ್ತಿರ ಇದ್ದವು. ಕೋಟಿನಲ್ಲೇ ಚಹಾ ತಂದಳು.

"ನಮ್ಮನೆ ಬೆಳಕನ್ನ ಕರ್ಕೊಂಡ್ಹೋಗೋಣ ಅಂತ ಬಂದೆ ಬೀಗಿತ್ತಿ," ಎಂದಳು ಹನೀಫಾ.

ಅವಳು ತಂದ ನಾನ್ ಒಂದನ್ನು ತೆಗೆದು ಅವಳ ಮುಂದಿಟ್ಟೆ.

"ಮುರಿಯೋಕೆ ಮೊದ್ಲು ಇದನ್ನ ಕೈಯಲ್ಲಿ ಹಿಡ್ಕೊಳ್ಳಿ. ಫೋನಲ್ಲಿ ಹೇಳಿದ್ದನ್ನ ಇನ್ನೊಂದ್ಸಲ ಹೇಳಿಬಿಡಿ."

"ಒಂದ್ಸಲ ಹೇಳಿದ್ದಾಯ್ತಲ್ಲ, ಏನು ಮಕ್ಕಳಾಟ..."

"ನನಗೆ ವಯಸ್ಸಾಯ್ತು, ಕಿವಿ ಮಂದ. ಕಣ್ಣೆದುರು ಹೇಳಿ."

ಅವಳು ನಾನ್ ನೋಡಿದಳು. ಚಹಾ ಬಟ್ಟಲು ಎತ್ತಿದಳು, ಇಳಿಸಿದಳು. ಆಮೇಲೆ ಎರಡೂ ಕೈಗಳನ್ನು ಉಡುಪಿನ ತೋಳಿನೊಳಗೆ ಎಳೆದುಕೊಂಡಳು. ಮವ್ಜುದಾ ಒಲೆಗೆ ಸೌದೆ ಹಾಕುವುದನ್ನು ಬಿಟ್ಟು ನಿಂತಿದ್ದಳು.

"ಗಂಡಸು, ಬೀಗಿತ್ತಿ. ಒಬ್ಬನೇ, ಅಷ್ಟು ಚಳಿ ದೇಶದಲ್ಲಿ..."

"ಚಳಿಗೆ ಕೋಟು ಸಿಗತ್ತೆ. ಮಗು ಆಗಿದ್ಯಾ?"

"ಗಂಡು," ಎಂದಳು. ಮುಚ್ಚಿಕೊಳ್ಳಲಾಗದ ಒಂದು ನಗು ತುಟಿಯಂಚಿಗೆ ಬಂದು ಹೋಯಿತು. ಅಜ್ಜಿಯಾದವಳ ನಗು, ನನಗೆ ಗೊತ್ತಿಲ್ಲವೇ? "ಆದ್ರೂ ನಮಗೆ ಸೊಸೆ ಅಂದ್ರೆ ದಿಲ್ರಾಬೊ ಒಬ್ಬಳೇ. ಇವಳ ಮಾವ ಇವಳ ಕೈ ಸಾರಿಲ್ದೆ ಊಟಾನೇ ಮುಟ್ತಿಲ್ಲ. ನೀವೂ ಸಂಸಾರ ಮಾಡಿದವರು, ಮಾನ ಅಂದ್ರೇನು ಅಂತ ಗೊತ್ತಿರೋರು. ಕಳಿಸಿಕೊಡಿ."

ಮಾನ ಎಂದರೇನು ಎಂದು ನನಗೆ ಗೊತ್ತು. ನಾಳೆ ಮಹಲ್ಲಾದ ಹೆಂಗಸರು ನೀರಿನ ನಲ್ಲಿಯ ಹತ್ತಿರ ಏನು ಮಾತಾಡುತ್ತಾರೆ ಎಂಬುದೂ ಗೊತ್ತು, ಯಾರು ಮೊದಲು ಬಾಯಿ ತೆಗೆಯುತ್ತಾರೆ ಎಂಬುದೂ ಗೊತ್ತು.

"ನಿಮ್ಮ ಸೊಸೆ ಇಲ್ಲಿಲ್ಲ," ಎಂದೆ.

"ಏನ್ ಮಾತು ಇದು? ಇಲ್ಲಿ ಚಹಾ ಬಗ್ಗಿಸ್ತಿರೋದು ಯಾರು?"

"ಇವಳು ನನ್ನ ಮಗಳು."

ಮುರಿಯದ ನಾನ್‌ಗಳನ್ನು ಅವಳ ಬಟ್ಟೆಯಲ್ಲೇ ಕಟ್ಟಿದೆ. ಹಲ್ವಾವನ್ನೂ ಇಟ್ಟೆ. ಗಂಟನ್ನು ಅವಳ ಮಡಿಲಿಗೇ ಕೊಟ್ಟೆ. ಅವಳು ಎದ್ದು, ನನ್ನ ಮನೆಯಲ್ಲಿ ನಿಂತು, "ಇದೇ ಬುದ್ಧಿ ಮಗಳನ್ನ ಎರಡು ಸಲ ವಾಪಸ್ ಕಳಿಸುವಾಗ ಎಲ್ಲಿತ್ತು?" ಎಂದಳು. ಅಂಥವರ ಜೊತೆ ನನಗೇನು ಮಾತು. ಗೇಟಿನವರೆಗೆ ಬಂದು ಬೀಳ್ಕೊಟ್ಟೆ. ಅತಿಥಿ ಎಂದ ಮೇಲೆ ಅಷ್ಟು ಮಾಡಬೇಕು.

ಒಳಗೆ ಬಂದರೆ ದಿಲ್ರಾಬೊ ಕೆಟಲ್ ಹಿಡಿದು ಹಾಗೆಯೇ ನಿಂತಿದ್ದಳು.

"ಕೋಟು ತೆಗಿ. ಒಲೆ ಮುಂದೆ ನಿಂತು ಬೆವರ್ತಾ ಇದೀಯ," ಎಂದೆ.

ಅವಳಿಗೆ ಗುಂಡಿ ಬಿಚ್ಚಲು ಆಗಲಿಲ್ಲ. ಮವ್ಜುದಾ ಬಿಚ್ಚಿದಳು.

ಡಿಸೆಂಬರ್ 17, ಮಂಗಳವಾರ

ಬೆಳಕು ಹರಿಯುವ ಮುಂಚೆ ಎಚ್ಚರವಾಯಿತು. ಅಂಗಳದಲ್ಲಿ ಪೊರಕೆಯ ಸದ್ದು. ಮವ್ಜುದಾ ಎಂದುಕೊಂಡೆ, ನೋಡಿದರೆ ದಿಲ್ರಾಬೊ. ಸೊಸೆಯಂದಿರು ಮಾಡುವ ಹಾಗೆ ಅಂಗಳ ಮುಗಿಸಿ ಗೇಟಿನಾಚೆಯ ಬೀದಿಗೂ ಹೊರಟಿದ್ದಳು. ಬಾಯಿಂದ ಹಬೆ ಬರುತ್ತಿತ್ತು.

"ಯಾರು ನಿನಗೆ ಏಳು ಅಂದಿದ್ದು?"

"ಅಭ್ಯಾಸ ಅಮ್ಮ. ನಿದ್ದೆ ಬರಲ್ಲ."

"ಬರದಿದ್ರೆ ಕಣ್ಣು ಮುಚ್ಚಿಕೊಂಡು ಬಿದ್ದಿರು."

ಪೊರಕೆ ಕಿತ್ತುಕೊಂಡೆ. ಹೋಗಿ ಮಲಗಿದಳು. ಇಣುಕಿ ನೋಡಿದಾಗ ಬಾಯಿ ಅರ್ಧ ತೆರೆದು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ ಮಲಗಿದ್ದಳು.

ಉಳಿದದ್ದನ್ನು ನಾನೇ ಗುಡಿಸಿದೆ, ಕಡ್ಡಿ ನೆಲಕ್ಕೆ ಉಜ್ಜದಂತೆ ಮೆಲ್ಲಗೆ. ಓಯ್ನಿಸಾ ಹಾಲಿನ ಪಾತ್ರೆ ಹಿಡಿದು ಹೋಗುತ್ತಿದ್ದವಳು ನಿಂತು, ಬೇಕೆಂದೇ ಗಟ್ಟಿಯಾಗಿ ಹೇಳಿದಳು, "ಸಬೋಹತಕ್ಕಾ! ಮನೇಲಿ ಇಬ್ಬಿಬ್ಬರು ಹುಡುಗೀರನ್ನ ಇಟ್ಕೊಂಡು ನೀವು ಪೊರಕೆ ಹಿಡಿಯೋದಾ?"

"ಮೆಲ್ಲಗೆ ಮಾತಾಡು. ನನ್ನ ಮಗಳು ಮಲಗಿದಾಳೆ."

ಒಂಬತ್ತು ಗಂಟೆಯಾದರೂ ಅವಳು ಎದ್ದಿರಲಿಲ್ಲ. ಮವ್ಜುದಾ ಎರಡು ಸಲ ಎಬ್ಬಿಸಲು ಹೋದಳು, ಎರಡು ಸಲವೂ ತಡೆದೆ. ಸುಮ್ಮನೆ ಕೂತು ಬೇಸರವಾಗಿ ಟಿ.ವಿ. ಮೇಲಿನ ಬಟ್ಟೆ ತೆಗೆದು, ಸದ್ದು ಪೂರ್ತಿ ಅಡಗಿಸಿ ಹಾಕಿದೆ. ಯಾವುದೋ ಹೊಸ ಧಾರಾವಾಹಿ. ಯಾರು ಏನು ಹೇಳುತ್ತಿದ್ದಾರೋ ಒಂದೂ ತಿಳಿಯಲಿಲ್ಲ. ಯಾರು ಹೋಗುತ್ತಿದ್ದಾರೆ, ಯಾರು ಉಳಿಯುತ್ತಿದ್ದಾರೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.